ಚಿತ್ರದ ಕೆಳಗಿನ ಸಾಲು

ರಜಾದಿನ ಬಂತೆಂದರೆ ನಸುಕಿನಲ್ಲೇ ನಂದಿಬೆಟ್ಟದ ರಸ್ತೆಯಲ್ಲಿ ಕ್ಯಾಮೆರಾ ಚೀಲ ಬೆನ್ನಿಗೇರಿಸಿಕೊಂಡ ಹವ್ಯಾಸಿ ಛಾಯಾಗ್ರಾಹಕರ ಬೈಕುಗಳು ಸಾಲುಗಟ್ಟುತ್ತವೆ. ಮಂಜು ಕರಗುವವರೆಗೆ ಬೆಟ್ಟ, ಬಿಸಿಲೇರುವವರೆಗೆ ಭೋಗನಂದೀಶ್ವರ ದೇವಾಲಯದ ಕಂಬಗಳು, ಆಮೇಲೆ ನಮ್ಮ ಊರುಗಳ ಬೀದಿ. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ಚಿಂತಾಮಣಿಯ ಟೊಮೆಟೊ ಮಂಡಿ, ಗೌರಿಬಿದನೂರಿನ ಬಸ್ ನಿಲ್ದಾಣ ಎಲ್ಲವೂ ಈಗ ಚಿತ್ರಗಳಾಗಿವೆ. ಮಂಜಿಗಾಗಲಿ ಕಲ್ಲಿನ ಕಂಬಕ್ಕಾಗಲಿ ತನ್ನ ಚಿತ್ರದ ಕೆಳಗೆ ಏನು ಬರೆದರೂ ತಕರಾರಿಲ್ಲ. ಆದರೆ ಮಾರುಕಟ್ಟೆಯ ಮೆಟ್ಟಿಲ ಮೇಲೆ ಕುಳಿತ ಮನುಷ್ಯನಿಗೆ ಹೆಸರಿದೆ, ಮನೆಯಿದೆ, ಬೀಗರಿದ್ದಾರೆ, ಸಾಲ ಕೊಟ್ಟವರಿದ್ದಾರೆ, ನಾಳೆ ಅದೇ ಮೆಟ್ಟಿಲ ಮೇಲೆ ತಲೆಯೆತ್ತಿ ಕೂರಬೇಕಾದ ಅಗತ್ಯವಿದೆ. ಅವನ ಚಿತ್ರದ ಕೆಳಗೆ ನಾವು ಬರೆಯುವ ಒಂದು ಸಾಲು ಇವೆಲ್ಲವನ್ನೂ ಮುಟ್ಟುತ್ತದೆ.

ಹವ್ಯಾಸಿಗಳ ಮಾತುಕತೆಗೆ ಕಿವಿಗೊಟ್ಟವರಿಗೆ ಒಂದು ವಿಚಿತ್ರ ಗೊತ್ತಿರುತ್ತದೆ. ಲೆನ್ಸಿನ ಚರ್ಚೆಗೆ ಅಲ್ಲಿ ಕೊನೆಯಿಲ್ಲ. 35 ಎಂ.ಎಂ. ಒಳ್ಳೆಯದೋ 50 ಎಂ.ಎಂ. ಒಳ್ಳೆಯದೋ, ಜೂಮ್ ಬೇಕೋ ಬೇಡವೋ, ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಕೂರಿಸಬಹುದೋ ಎಂದು ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಒಂದು ಲೆನ್ಸ್ ಕೊಳ್ಳಲು ಆರು ತಿಂಗಳ ಯೋಚನೆ, ಹತ್ತು ಜನರ ಸಲಹೆ. ಅದೇ ಲೆನ್ಸಿನಿಂದ ತೆಗೆದ ಚಿತ್ರದ ಕೆಳಗೆ ಅಡಿಬರಹ ಬರೆಯಲು ಮಾತ್ರ ಅರ್ಧ ನಿಮಿಷ ಸಾಕು. 'ಬಡತನ', 'ಹಸಿವು', 'ನಿರೀಕ್ಷೆ', 'ಮುಪ್ಪಿನ ಒಂಟಿತನ' - ಸಿದ್ಧ ಉಡುಪಿನಂತೆ ಈ ಪದಗಳು ಮೊದಲೇ ಹೊಲಿದಿರುತ್ತವೆ. ಯಾರು ಸಿಕ್ಕರೂ ತೊಡಿಸಿಬಿಡುವುದು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಬಳಿ ಗೋಡೆಗೊರಗಿ ಕಣ್ಣು ಮುಚ್ಚಿ ಕುಳಿತ ಮುದುಕರೊಬ್ಬರ ಚಿತ್ರ ಒಮ್ಮೆ ನಮ್ಮ ಗೆಳೆಯರ ನಡುವೆ ಕೈಯಿಂದ ಕೈಗೆ ಹೋಯಿತು. ಒಳ್ಳೆಯ ಚಿತ್ರ; ಗಡ್ಡದ ಮೇಲೆ ಬಿದ್ದ ಬೆಳಕು, ಮಡಿಚಿದ ಕೈಗಳು, ಪಕ್ಕದಲ್ಲೊಂದು ಖಾಲಿ ಚೀಲ. ಕೆಳಗೆ 'ಯಾರೂ ಇಲ್ಲದವರು' ಎಂದು ಬರೆದಿತ್ತು. ಊರಿನವರು ನೋಡಿ ನಕ್ಕರು. ಆ ಚಾಚಾಗೆ ಮೂವರು ಗಂಡುಮಕ್ಕಳು, ಮನೆಯ ಹಿಂದೆ ಸ್ವಂತ ನೂಲು ಬಿಚ್ಚುವ ಘಟಕ. ರಂಜಾನ್ ತಿಂಗಳ ಮಧ್ಯಾಹ್ನ, ರೋಜಾದ ಆಯಾಸ. ಹರಾಜು ಮುಗಿದು ಲೆಕ್ಕವಾಗುವವರೆಗೆ ಕಣ್ಣು ಮುಚ್ಚಿದ್ದರು, ಅಷ್ಟೆ. ಊರಿನವರು ನಕ್ಕರು, ಆದರೆ ಅವರ ಮಕ್ಕಳು ನಗಲಿಲ್ಲ. ತಂದೆಯನ್ನು ಬೀದಿಗೆ ಬಿಟ್ಟ ಮಕ್ಕಳು ಎಂದು ನಾಲ್ಕು ಜನರ ಮುಂದೆ ಡಂಗುರ ಹೊಡೆದಂತಾಯಿತಲ್ಲ! ಚಿತ್ರ ತೆಗೆದವರಿಗೆ ದುರುದ್ದೇಶವೇನೂ ಇರಲಿಲ್ಲ. ಅವರಿಗೆ ಕರುಣೆಯೇ ಇತ್ತು. ಆದರೆ ಎದುರಿಗಿರುವವನನ್ನು ವಿಚಾರಿಸದ ಕರುಣೆಯೂ ಅವನ ಮಾನ ಕಳೆಯಬಲ್ಲದು.

ನಮ್ಮ ಕಾಯಿದೆಯ ಪ್ರಕಾರ ಚಿತ್ರದ ಕರ್ತೃ ಅದನ್ನು ತೆಗೆದವನು. 1957ರ ಕೃತಿಸ್ವಾಮ್ಯ ಕಾಯಿದೆ ಹಾಗೆಂದೇ ಹೇಳುತ್ತದೆ. ಆದರೆ ಚಿತ್ರದೊಳಗಿನ ಮನುಷ್ಯನ ಬದುಕಿನ ಬಗ್ಗೆ ತೀರ್ಪು ಬರೆಯುವ ಹಕ್ಕು ಯಾರದು? ಕಾಯಿದೆ ಹೇಳಿ ಮುಗಿಸಬಹುದಾದ ಪ್ರಶ್ನೆ ಇದಲ್ಲ. ಆದ್ದರಿಂದಲೇ ನಾವು ಯೋಚಿಸಬೇಕಾಗಿದೆ.

ಮೊದಲು ಲೆನ್ಸಿನ ಮಾತನ್ನೇ ತೆಗೆದುಕೊಳ್ಳೋಣ. 35 ಎಂ.ಎಂ. ಲೆನ್ಸಿನಲ್ಲಿ ಒಬ್ಬನ ಮುಖ ಚೌಕಟ್ಟು ತುಂಬಬೇಕಾದರೆ ಅವನ ಹತ್ತಿರ ಹೋಗಲೇಬೇಕು. ಬೇಯಿಸಿದ ಗೂಡಿನ ವಾಸನೆ ನಮ್ಮ ಮೂಗಿಗೂ ಬಡಿಯುತ್ತದೆ. ಅವನು ನಮ್ಮನ್ನು ನೋಡುತ್ತಾನೆ, 'ಏನ್ ಸಾಬ್?' ಎಂದು ಕೇಳುತ್ತಾನೆ, ನಾವು ಉತ್ತರ ಕೊಡಬೇಕಾಗುತ್ತದೆ. 300 ಎಂ.ಎಂ. ಲೆನ್ಸಿನಲ್ಲಾದರೋ ರಸ್ತೆಯ ಆಚೆ, ಟೀ ಅಂಗಡಿಯ ನೆರಳಿನಲ್ಲಿ ನಿಂತೇ ಅವನ ಕಣ್ಣಿನ ನೀರನ್ನೂ ಸೆರೆಹಿಡಿಯಬಹುದು. ಆ ನೀರು ದುಃಖದ್ದೋ, ಒಲೆಯ ಹೊಗೆಯದೋ ಎಂಬುದು ರಸ್ತೆ ದಾಟದೆ ತಿಳಿಯುವುದಿಲ್ಲ.

ಕರ್ನಾಟಕದ ಹವ್ಯಾಸಿ ಛಾಯಾಗ್ರಹಣಕ್ಕೆ ದೊಡ್ಡ ಹೆಸರು ತಂದವರಲ್ಲಿ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ವನ್ಯಜೀವಿ ಛಾಯಾಗ್ರಾಹಕರು ಪ್ರಮುಖರು. ಮರೆಯಲ್ಲಿ ಕುಳಿತು, ಉಸಿರು ಬಿಗಿಹಿಡಿದು, ಹಕ್ಕಿಗೆ ತಿಳಿಯದಂತೆ ಅದರ ಚಿತ್ರ ತೆಗೆಯುವುದು ಆ ಕಲೆಯ ಧರ್ಮ. ಗೂಡಿನಲ್ಲಿರುವ ಹಕ್ಕಿ ಬೆದರಬಾರದಲ್ಲವೇ? ಆದರೆ ಅದೇ ಲೆನ್ಸು, ಅದೇ ಅಭ್ಯಾಸ ಕಾಡಿನಿಂದ ಸಂತೆಗೆ ಬಂದಾಗ ಅರ್ಥ ಬದಲಾಗುತ್ತದೆ. ಹಕ್ಕಿಯನ್ನು ಕೇಳಿ ಚಿತ್ರ ತೆಗೆಯಲಾಗದು. ಮನುಷ್ಯನನ್ನು ಕೇಳಬಹುದು. ಕೇಳಬಹುದಾದವರನ್ನು ಕೇಳದೆ ಬಿಡುವುದಕ್ಕೆ ಏನಾದರೂ ಕಾರಣ ಬೇಕು.

ಲೆನ್ಸ್ ತಾನೇ ಅರ್ಧ ಅಡಿಬರಹ ಬರೆದಿರುತ್ತದೆ ಎಂಬುದೂ ನೆನಪಿರಲಿ. ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಡೆನ್ಮಾರ್ಕಿನ ರಿಟ್ಜೌ ಸ್ಕ್ಯಾನ್‌ಪಿಕ್ಸ್ ಎಂಬ ಸುದ್ದಿಚಿತ್ರ ಸಂಸ್ಥೆಯ ಇಬ್ಬರು ಛಾಯಾಗ್ರಾಹಕರು ಒಂದು ಪ್ರಯೋಗ ಮಾಡಿದರು. ಕೋಪನ್‌ಹೇಗನ್‌ನಲ್ಲಿ ಒಂದೇ ಸ್ಥಳದ, ಒಂದೇ ರೀತಿ ಅಂತರ ಕಾಯ್ದುಕೊಂಡ ಜನರ ಚಿತ್ರಗಳನ್ನು ವೈಡ್ ಲೆನ್ಸಿನಲ್ಲೂ ಟೆಲಿ ಲೆನ್ಸಿನಲ್ಲೂ ತೆಗೆದರು. ಒಂದರಲ್ಲಿ ಜನ ದೂರದೂರ ನಿಂತಿದ್ದಾರೆ. ಇನ್ನೊಂದರಲ್ಲಿ ಮೈಗೆ ಮೈ ತಾಗಿಸಿ ನಿಂತಂತೆ ಕಾಣುತ್ತಾರೆ. ಎರಡೂ ನಿಜವಾದ ಚಿತ್ರಗಳೇ, ಯಾವುದನ್ನೂ ತಿದ್ದಿಲ್ಲ. ಆದರೆ ಎರಡನೆಯದರ ಕೆಳಗೆ 'ನಿಯಮ ಮುರಿದ ಜನ' ಎಂದು ಬರೆದುಬಿಟ್ಟರೆ ಸುಳ್ಳು ಪೂರ್ಣವಾಗುತ್ತದೆ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದ ನಮ್ಮ ಹಿರಿಯರು ಟೆಲಿ ಲೆನ್ಸ್ ಕಂಡವರಲ್ಲ, ಆದರೆ ಅವರ ಮಾತು ಅದಕ್ಕೂ ಸಲ್ಲುತ್ತದೆ.

ಕರುಣೆಯ ಅಡಿಬರಹ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಜಗತ್ತಿನ ಎರಡು ಪ್ರಸಿದ್ಧ ಚಿತ್ರಗಳನ್ನು ನೋಡಬಹುದು. 1936ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಟಾಣಿ ಕೀಳುವ ಕೂಲಿಕಾರರ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ಒಬ್ಬ ತಾಯಿಯ ಚಿತ್ರ ತೆಗೆದರು. ಹೆಸರು ಕೇಳಲಿಲ್ಲ, ವಯಸ್ಸು ಮೂವತ್ತೆರಡು, ಏಳು ಮಕ್ಕಳ ತಾಯಿ, ನಿರ್ಗತಿಕಳು ಎಂದು ಅಡಿಬರಹವಾಯಿತು. 'ವಲಸೆ ತಾಯಿ' ಎಂಬ ಹೆಸರಿನಲ್ಲಿ ಆ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಆ ಬಿಡಾರದ ಸುದ್ದಿ ಚಿತ್ರದೊಂದಿಗೆ ಪತ್ರಿಕೆಯಲ್ಲಿ ಬಂದ ಕೂಡಲೇ ಸರ್ಕಾರ ಅಲ್ಲಿಗೆ ಇಪ್ಪತ್ತು ಸಾವಿರ ಪೌಂಡ್ ಆಹಾರ ಕಳಿಸಿತು. ಅಷ್ಟರಲ್ಲಿ ಆ ತಾಯಿ ಮಕ್ಕಳೊಂದಿಗೆ ಅಲ್ಲಿಂದ ಹೊರಟುಹೋಗಿದ್ದರು. 1978ರಲ್ಲಿ ಅವರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ತಿಳಿಯಿತು. ಆ ಚಿತ್ರ ತೆಗೆಯದಿದ್ದರೇ ಚೆನ್ನಾಗಿತ್ತು, ತನ್ನ ಹೆಸರನ್ನೂ ಕೇಳಲಿಲ್ಲ, ಅದರಿಂದ ತನಗೆ ಒಂದು ಕಾಸೂ ಬರಲಿಲ್ಲ ಎಂದು ಅವರು ನೊಂದು ಹೇಳಿದರು. ಊಟಕ್ಕಾಗಿ ಕಾರಿನ ಟೈರುಗಳನ್ನು ಮಾರಿದ್ದರೆಂಬ ಲ್ಯಾಂಗ್ ಅವರ ಮಾತನ್ನು ಮನೆಯವರು ಅಲ್ಲಗಳೆದರು. 1983ರಲ್ಲಿ ಅವರು ತೀರಿಕೊಂಡಾಗ ಸಮಾಧಿಯ ಕಲ್ಲಿನ ಮೇಲೆ ಅವರ ಹೆಸರಿನ ಜೊತೆಗೆ 'ವಲಸೆ ತಾಯಿ' ಎಂಬುದನ್ನೂ ಕೆತ್ತಲಾಯಿತು. ಯಾರೋ ಕೊಟ್ಟ ಅಡಿಬರಹ ಗೋರಿಯವರೆಗೂ ಹಿಂಬಾಲಿಸಿತು.

ಇನ್ನೊಂದು, 1984ರಲ್ಲಿ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದ ಶಾಲೆಯಲ್ಲಿ ಸ್ಟೀವ್ ಮೆಕ್‌ಕರಿ ತೆಗೆದ ಹಸಿರು ಕಣ್ಣಿನ ಆಫ್ಘನ್ ಹುಡುಗಿಯ ಚಿತ್ರ. ಕ್ಯಾಮೆರಾ ನಿಕಾನ್ ಎಫ್‌ಎಂ2, ಲೆನ್ಸ್ 105 ಎಂ.ಎಂ., ಫಿಲ್ಮ್ ಕೊಡಾಕ್ರೋಮ್ - ಹವ್ಯಾಸಿಗಳಿಗೆ ಇದೆಲ್ಲ ಕಂಠಪಾಠ. ಆದರೆ ಆ ಹುಡುಗಿಯ ಹೆಸರು ಹದಿನೇಳು ವರ್ಷ ಯಾರಿಗೂ ಗೊತ್ತಿರಲಿಲ್ಲ. 1985ರ ಜೂನ್ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟ ಅವಳ ಕಣ್ಣಿನಲ್ಲಿ ಯುದ್ಧದ ಭಯವನ್ನು ಓದಿತು. 2002ರಲ್ಲಿ ಆಕೆಯನ್ನು ಹುಡುಕಿ ಕಂಡಾಗ ಹೆಸರು ಶರ್ಬತ್ ಗುಲಾ ಎಂದು ತಿಳಿಯಿತು. ತನ್ನ ಚಿತ್ರವನ್ನು ಆಕೆ ಅದುವರೆಗೆ ನೋಡಿಯೇ ಇರಲಿಲ್ಲ. ಆ ದಿನದ ಬಗ್ಗೆ ಆಕೆಗೆ ನೆನಪಿದ್ದದ್ದು ಸಿಟ್ಟು: ಅಪರಿಚಿತ ಗಂಡಸೊಬ್ಬ ತನ್ನ ಚಿತ್ರ ತೆಗೆದನೆಂಬ ಸಿಟ್ಟು. ನಮ್ಮ ಮನೆಗಳ ಹೆಣ್ಣುಮಕ್ಕಳನ್ನು ಬಲ್ಲ ಯಾರಿಗೂ ಆ ನೋಟದ ಅರ್ಥ ಹೊಸದಲ್ಲ. ಯುದ್ಧದ ನೋವು ಆಕೆಯ ಬದುಕಿನಲ್ಲಿ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಆದರೆ ಆ ಕ್ಷಣದ ಕಣ್ಣು ಹೇಳಿದ್ದು ಒಂದು, ಜಗತ್ತು ಓದಿದ್ದು ಇನ್ನೊಂದು.

ಮದರಸಾದಲ್ಲೋ ಮನೆಯ ಹಿರಿಯರ ಬಾಯಲ್ಲೋ ನಾವು ಚಿಕ್ಕಂದಿನಲ್ಲೇ ಕಲಿತ ಎರಡು ಪದಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ: ಗೀಬತ್ ಮತ್ತು ಬೊಹ್ತಾನ್. ಒಬ್ಬನ ಬೆನ್ನ ಹಿಂದೆ ಅವನಿಗೆ ಇಷ್ಟವಾಗದ ಮಾತಾಡುವುದು ಗೀಬತ್. ಆ ಮಾತು ನಿಜವಾಗಿದ್ದರೆ? ಪೈಗಂಬರ್ ಮುಹಮ್ಮದರನ್ನು (ಸ) ಇದೇ ಪ್ರಶ್ನೆ ಕೇಳಲಾಗಿತ್ತು. ನಿಜವಾಗಿದ್ದರೆ ಅದು ಗೀಬತ್, ಇಲ್ಲದಿದ್ದರೆ ಅದು ಬೊಹ್ತಾನ್, ಅಂದರೆ ಸುಳ್ಳು ಆರೋಪ, ಎಂಬುದು ಅವರ ಉತ್ತರದ ಸಾರ. ಸಾಮಾನ್ಯವಾಗಿ ನಾವು 'ನಿಜವನ್ನೇ ತಾನೇ ಹೇಳಿದ್ದು' ಎಂದು ತಪ್ಪಿಸಿಕೊಳ್ಳುತ್ತೇವೆ. ಈ ವಿಂಗಡಣೆ ಆ ಬಾಗಿಲನ್ನು ಮುಚ್ಚುತ್ತದೆ. ಯಾವ ಮತದವರೇ ಆಗಲಿ, ಅಡಿಬರಹ ಬರೆಯುವವರಿಗೆ ಇದಕ್ಕಿಂತ ಉಪಯುಕ್ತ ವಿಂಗಡಣೆ ನಮಗೆ ಕಂಡಿಲ್ಲ.

ಬೊಹ್ತಾನಿನ ಉದಾಹರಣೆಗೆ ದೂರ ಹೋಗಬೇಕಿಲ್ಲ. 2020ರಲ್ಲಿ, ಊಟದ ಪಾತ್ರೆಗಳನ್ನು ನೆಕ್ಕಿ ಸ್ವಚ್ಛಗೊಳಿಸುವ ಕೆಲವು ಮುಸ್ಲಿಮರ ವಿಡಿಯೋ ಒಂದನ್ನು 'ಕೊರೊನಾ ಹರಡುತ್ತಿದ್ದಾರೆ' ಎಂಬ ಸಾಲಿನೊಂದಿಗೆ ದೇಶದ ತುಂಬ ಹಂಚಲಾಯಿತು. ಅದು 2018ರಿಂದಲೇ ಇದ್ದ ವಿಡಿಯೋ. ಅನ್ನದ ಒಂದು ಅಗುಳೂ ಪೋಲಾಗಬಾರದೆಂಬ ದಾವೂದಿ ಬೊಹ್ರಾ ಸಮುದಾಯದ ಪದ್ಧತಿಯದು. ದೃಶ್ಯ ನಿಜ, ಕೆಳಗಿನ ಸಾಲು ಸುಳ್ಳು. ಆ ಸಾಲು ಓದಿದ ಬೀದಿಗಳಲ್ಲಿ ತಳ್ಳುಗಾಡಿಯ ತರಕಾರಿ ಮಾರುವವನನ್ನು ಹೆಸರು ಕೇಳಿ ವಾಪಸು ಕಳಿಸಿದ್ದನ್ನು ನಾವೆಲ್ಲ ಬಲ್ಲೆವು. ಅದೇ ವರ್ಷ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ತಬ್ಲೀಗ್‌ನ ವಿದೇಶಿಯರನ್ನು ಬಲಿಪಶುಗಳನ್ನಾಗಿ ಮಾಡಲಾಯಿತೆಂಬ ಅಭಿಪ್ರಾಯ ಬರೆದು ಅವರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿತು. ಆದರೆ ಅಡಿಬರಹ ಓದಿದವರೆಲ್ಲ ತೀರ್ಪು ಓದುವುದಿಲ್ಲ. ಇಂಥ ಸಾಲಿನ ಪೆಟ್ಟು ತಿಂದ ಸಮುದಾಯದವರಾದ ನಾವು, ಇನ್ನೊಬ್ಬರ ಚಿತ್ರದ ಕೆಳಗೆ ಬರೆಯುವಾಗ ಎರಡು ಪಟ್ಟು ಎಚ್ಚರವಾಗಿರಬೇಕು.

ಗೀಬತ್‌ನ ಪ್ರಶ್ನೆ ಇದಕ್ಕಿಂತ ಕಠಿಣವಾದುದು. 2002ರ ಮಾರ್ಚ್‌ನಲ್ಲಿ ಅಹಮದಾಬಾದಿನಲ್ಲಿ ಕೈಮುಗಿದು ಜೀವಭಿಕ್ಷೆ ಬೇಡುತ್ತಿದ್ದ ದರ್ಜಿ ಕುತುಬುದ್ದೀನ್ ಅನ್ಸಾರಿಯವರ ಚಿತ್ರವನ್ನು ರಾಯಿಟರ್ಸ್‌ನ ಆರ್ಕೋ ದತ್ತಾ ತೆಗೆದರು. ಆ ಚಿತ್ರದಲ್ಲಿ ಸುಳ್ಳಿರಲಿಲ್ಲ. ಜಗತ್ತಿಗೆ ಅದು ತಿಳಿಯಬೇಕಾಗಿಯೂ ಇತ್ತು. ಆದರೆ ಆ ಮುಖ ಎಲ್ಲರಿಗೂ ಪರಿಚಿತವಾದ ಮೇಲೆ ಅನ್ಸಾರಿಯವರಿಗೆ ಕೆಲಸ ಕೊಟ್ಟವರೇ ಹೆದರಿದರು. ಅವರು ಮಾಲೇಗಾಂವ್‌ಗೆ ಹೋದರು, ಕೋಲ್ಕತ್ತಾಕ್ಕೆ ಹೋದರು, ಕೊನೆಗೆ ತಮ್ಮ ಊರಿಗೇ ಮರಳಿದರು. ರಾಜಕೀಯ ಪಕ್ಷಗಳು ಚುನಾವಣಾ ಪ್ರಚಾರಕ್ಕೆ ಆ ಮುಖವನ್ನು ಬಳಸಿದಾಗ ಅವರು ನೊಂದು ಪ್ರತಿಭಟಿಸಿದರು. ಅವರ ಪರವಾಗಿ ಮಾತಾಡಿದ ನಾವು ಕೂಡ ಎಷ್ಟು ಸಲ ಅವರನ್ನು ಕೇಳಿ ಆ ಚಿತ್ರ ಅಚ್ಚು ಹಾಕಿದ್ದೇವೆ? ಸತ್ಯ ಸಮಾಜಕ್ಕೆ ದಕ್ಕಿತು, ಅದರ ಬೆಲೆ ಒಬ್ಬ ದರ್ಜಿ ತೆತ್ತರು.

ಹಾಗಾದರೆ ಅನ್ಯಾಯದ ಚಿತ್ರವನ್ನೇ ತೆಗೆಯಬಾರದೇ? ಈ ಆಕ್ಷೇಪ ಸರಿಯಾದುದೇ. ಹದಿಮೂರನೆಯ ಶತಮಾನದ ವಿದ್ವಾಂಸ ಇಮಾಮ್ ನವವಿ ಅವರು ಗೀಬತ್‌ಗೆ ಆರು ವಿನಾಯಿತಿಗಳನ್ನು ಹೇಳಿದ್ದಾರೆ. ಮೊದಲನೆಯದು ಜುಲ್ಮ್‌ಗೆ ಒಳಗಾದವನು ನ್ಯಾಯ ಕೊಡಬಲ್ಲವರ ಮುಂದೆ ದೂರು ಹೇಳುವುದು. ಅಂದರೆ ಅನ್ಯಾಯದ ಎದುರು ಮೌನ ಸಭ್ಯತೆಯಲ್ಲ. ಆದರೆ ಈ ವಿನಾಯಿತಿ ಅನ್ಯಾಯ ಮಾಡಿದವನ ಗುಟ್ಟನ್ನು ಬಯಲು ಮಾಡಲು ಇದೆ, ಅನ್ಯಾಯಕ್ಕೆ ಒಳಗಾದವನ ಮಾನವನ್ನು ಹರಾಜಿಗಿಡಲು ಅಲ್ಲ.

ನಮ್ಮ ರೇಷ್ಮೆ ಊರುಗಳಿಗೆ ಈ ಮಾತು ನೇರವಾಗಿ ಸಂಬಂಧಿಸಿದೆ. ನೂಲು ಬಿಚ್ಚುವ ಘಟಕಗಳಲ್ಲಿ ಮಕ್ಕಳು ಬಿಸಿನೀರಿಗೆ ಕೈಯದ್ದಿ ದುಡಿದ ಕಾಲವೊಂದಿತ್ತು. ಕರ್ನಾಟಕವೂ ಸೇರಿದಂತೆ ದೇಶದ ರೇಷ್ಮೆ ಉದ್ಯಮದಲ್ಲಿ ಜೀತದ ಬಾಲದುಡಿಮೆ ಇದೆಯೆಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರ ಜನವರಿಯಲ್ಲಿ ವರದಿ ಮಾಡಿತು. ಅಂದು ನಮ್ಮವರಲ್ಲಿ ಹಲವರಿಗೆ ಇಂಥ ಮಾತು ಹಿಡಿಸಲಿಲ್ಲ. ಊರಿನ ಹೆಸರು ಕೆಡುತ್ತದೆ ಎಂದರು. ಊರಿನ ಹೆಸರು ಕೆಟ್ಟರೆ ಕೆಡಲಿ, ಮಗುವಿನ ಬೆರಳು ಉಳಿಯಲಿ ಎನ್ನುವುದು ನಮ್ಮ ನಿಲುವು. ಅಂಥ ಚಿತ್ರದ ಕೆಳಗೆ ಕಸುಬಿನ ಹೆಸರಿರಲಿ, ಸ್ಥಳ ಮತ್ತು ತಾರೀಖು ಇರಲಿ, ನೀರು ಎಷ್ಟು ಬಿಸಿ, ದಿನಕ್ಕೆ ಎಷ್ಟು ಗಂಟೆ ಎಂಬುದಿರಲಿ; ಮಗುವಿನ ಮುಖ, ಹೆಸರು, ತಂದೆಯ ಹೆಸರು ಬೇಡ. 2015ರ ಬಾಲನ್ಯಾಯ ಕಾಯಿದೆಯ 74ನೇ ಕಲಮು ಕೂಡ ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತು ಪ್ರಕಟಿಸುವುದನ್ನು ನಿಷೇಧಿಸಿದೆ. ಆ ಮಗು ದೊಡ್ಡವನಾಗಿ ನಾಳೆ ಅಂಗಡಿ ತೆರೆದಾಗ ಗಲ್ಲದ ಮೇಲೆ ಕೂತ ಅವನನ್ನು ಜನ ಆ ಅಡಿಬರಹದಿಂದ ಗುರುತಿಸಬಾರದು.

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲಾದ ದರ್ಗಾಕ್ಕೆ ಹಿಂದೂಗಳೂ ಮುಸ್ಲಿಮರೂ ಹರಕೆ ಹೊತ್ತು ಬರುತ್ತಾರೆ. ಮನಸ್ಸಿನ ಕಾಯಿಲೆಗೆ ಸಿಕ್ಕವರನ್ನೂ ಮನೆಯವರು ಕರೆತರುತ್ತಾರೆ. ಕೂದಲು ಕೆದರಿ ಕೂಗುವ ಹೆಣ್ಣುಮಗಳೊಬ್ಬಳು ಕ್ಯಾಮೆರಾಕ್ಕೆ ಸಿಕ್ಕರೆ 'ದೆವ್ವ ಹಿಡಿದವಳು' ಎಂದೊಬ್ಬರು ಬರೆಯುತ್ತಾರೆ, 'ಮೂಢನಂಬಿಕೆಯ ಬಲಿ' ಎಂದು ಇನ್ನೊಬ್ಬರು. ಮೊದಲನೆಯವರಿಗೆ ಅವಳು ಮನರಂಜನೆ, ಎರಡನೆಯವರಿಗೆ ಪುರಾವೆ. ಎರಡರ ನಡುವೆ ಕಳೆದುಹೋದದ್ದು ಯಾರದೋ ಮಗಳು, ವಾಸಿಯಾಗಿ ಮನೆಗೆ ಮರಳಬೇಕಾದವಳು, ಮದುವೆಯಾಗಬೇಕಾದವಳು. ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ಕೊಡಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. ದರ್ಗಾದ ಅಂಗಳ ಆಸ್ಪತ್ರೆಯಲ್ಲ ನಿಜ. ಆದರೆ ಆಸ್ಪತ್ರೆಯ ಗೋಡೆಯೊಳಗಿದ್ದರೆ ಮಾತ್ರ ಮಾನ, ಹೊರಗಿದ್ದರೆ ಇಲ್ಲ ಎನ್ನಲಾದೀತೇ? ಮೂಢನಂಬಿಕೆಯನ್ನು ವಿರೋಧಿಸಬೇಕಾದರೆ ವೈದ್ಯರಿಲ್ಲದ ಹಳ್ಳಿಯ ಬಗ್ಗೆ ಬರೆಯಬಹುದು, ಔಷಧಿಯ ಬಗ್ಗೆ ಬರೆಯಬಹುದು. ಅದಕ್ಕೆ ಅವಳ ಮುಖ ಬೇಕಿಲ್ಲ.

'ಬೀದಿಯಲ್ಲಿರುವವರಿಗೆ ಎಂಥ ಖಾಸಗಿತನ?' ಎಂದು ವಾದಿಸುವವರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಸಾರ್ವಜನಿಕ ಸ್ಥಳದಲ್ಲಿ ಇದ್ದಮಾತ್ರಕ್ಕೆ ಒಬ್ಬರು ಆ ಹಕ್ಕನ್ನು ಬಿಟ್ಟುಕೊಟ್ಟಂತಾಗದು ಎಂಬ ಮಾತೂ ಆ ತೀರ್ಪಿನಲ್ಲಿದೆ. ಮನೆಯಿಲ್ಲದವನಿಗೆ ಬೀದಿಯೇ ಮನೆ; ಉಳ್ಳವರ ನಿದ್ದೆಗೆ ಗೋಡೆಯಿದೆ, ಅವನ ನಿದ್ದೆಗೆ ಇಲ್ಲ. ಗೋಡೆ ಇಲ್ಲದ್ದನ್ನೇ ಅನುಮತಿ ಎಂದು ಭಾವಿಸುವುದು ನ್ಯಾಯವಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಬೀದಿಯ ಚಿತ್ರವೇ ಬೇಡವೆಂದು ನಾವು ಹೇಳುತ್ತಿಲ್ಲ. ಬೀದಿಯ ಚಿತ್ರಗಳಿಲ್ಲದಿದ್ದರೆ ಸಾಮಾನ್ಯರ ಬದುಕಿನ ಸಾಕ್ಷಿಯೇ ಉಳಿಯದು. ಮೈಸೂರಿನ ಟಿ.ಎಸ್. ಸತ್ಯನ್ (1923-2009) ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್‌ಗಳಿಗಾಗಿ ದೇಶದ ಹಳ್ಳಿಗಾಡುಗಳನ್ನು ಸುತ್ತಿದವರು. ಅವರ ಚಿತ್ರಗಳಲ್ಲಿ ಬಡ ಮಕ್ಕಳಿದ್ದಾರೆ. ಆ ಮಕ್ಕಳು ಆಡುತ್ತಾರೆ, ನಗುತ್ತಾರೆ, ಬರೀ 'ಬಡತನ'ವಾಗಿ ನಿಲ್ಲುವುದಿಲ್ಲ. ಹತ್ತಿರ ಹೋಗಿ ಮಾತಾಡಿಸಿದವರಿಗೆ ಮಾತ್ರ ಸಿಗುವ ಮುಖಗಳು ಅವು ಎಂದು ನೋಡಿದ ಕೂಡಲೇ ತಿಳಿಯುತ್ತದೆ.

ಆದ್ದರಿಂದ ನಮ್ಮ ಹವ್ಯಾಸಿ ಗೆಳೆಯರ ಮುಂದೆ ಒಂದು ಸರಳ ಅಳತೆಯನ್ನಿಡುತ್ತೇವೆ. ನೀವು ಎಷ್ಟು ಹತ್ತಿರ ಹೋಗಿದ್ದೀರೋ ಅಷ್ಟೇ ಬರೆಯಿರಿ. ರಸ್ತೆಯಾಚೆಯಿಂದ ತೆಗೆದ ಚಿತ್ರವಾದರೆ ಕಣ್ಣಿಗೆ ಕಂಡದ್ದಷ್ಟೇ ನಿಮ್ಮದು: ಊರು, ತಾರೀಖು, ಮಾಡುತ್ತಿದ್ದ ಕೆಲಸ. ಮನಸ್ಸಿನೊಳಗಿನದು ನಿಮ್ಮದಲ್ಲ. ಹತ್ತಿರ ಹೋಗಿ ಮಾತಾಡಿಸಿದ್ದರೆ, ಅವರು ಕೊಟ್ಟರೆ ಹೆಸರು, ಹೇಳಿದರೆ ಅವರ ಮಾತು. ಬರೆದಾದ ಮೇಲೆ ಆ ಸಾಲನ್ನು ಅವರ ಮುಂದೆ, ಅವರ ಭಾಷೆಯಲ್ಲಿ ಓದಿ ಹೇಳಲು ನಿಮಗೆ ನಾಲಗೆ ಬರುತ್ತದೆಯೇ ಎಂದು ಕೇಳಿಕೊಳ್ಳಿ. ನಮ್ಮ ಜಿಲ್ಲೆಯ ಮಾರುಕಟ್ಟೆಗಳಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಮೂರೂ ನಡೆಯುತ್ತವೆ. ಮೂರರಲ್ಲಿ ಒಂದರಲ್ಲಾದರೂ ಓದಿ ಹೇಳಬಹುದು. 'ಚಾಚಾ, ನಿಮ್ಮ ಚಿತ್ರದ ಕೆಳಗೆ ಯಾರೂ ಇಲ್ಲದವರು ಎಂದು ಬರೆದಿದ್ದೇನೆ' ಎಂದು ಎದುರಿಗೆ ಹೇಳಲಾಗದಿದ್ದರೆ ಬೆನ್ನ ಹಿಂದೆಯೂ ಬರೆಯಬಾರದು.

ಈ ಅಳತೆಗೆ ಒಂದು ತಿದ್ದುಪಡಿ ಮಾತ್ರ ಬೇಕು. ಅದು ಚಿತ್ರದೊಳಗಿನ ದುರ್ಬಲರಿಗಾಗಿ ಇರುವುದು. ಮಗುವನ್ನು ದುಡಿಸಿದ ಮಾಲೀಕ, ಲಾಠಿ ಬೀಸಿದ ಕೈ, ಗುಂಪು ಸೇರಿಸಿದ ಮುಖಂಡ - ಇವರ ಒಪ್ಪಿಗೆ ಯಾರೂ ಕೇಳಬೇಕಿಲ್ಲ. ಬರೆದದ್ದು ನಿಜವಾಗಿದ್ದರೆ ಸಾಕು. ಅಧಿಕಾರವಿದ್ದವರಿಗೆ ಉತ್ತರ ಹೇಳಲು ಬಾಯಿದೆ, ವಕೀಲರಿದ್ದಾರೆ, ಪತ್ರಿಕೆಗಳಿವೆ. ಗೋಡೆಗೊರಗಿ ಕುಳಿತವನಿಗೆ ಇರುವುದು ತನ್ನ ಮುಖವೊಂದೇ.

ಇನ್ನೊಂದು ಮಾತು. ತೆಗೆದ ಚಿತ್ರವನ್ನು ಅದರೊಳಗಿನವರಿಗೆ ತಲುಪಿಸುವ ಅಭ್ಯಾಸ ಬೆಳೆಯಲಿ. ಹಿಂದೆ ಪ್ರಿಂಟ್ ಹಾಕಿಸಬೇಕಿತ್ತು, ಖರ್ಚಿತ್ತು. ಈಗ ಮಾರುಕಟ್ಟೆಯಲ್ಲಿ ಗೂಡು ತೂಗುವವನ ಕೈಯಲ್ಲೂ ಫೋನಿದೆ. ಚಿತ್ರದ ಜೊತೆ ಕೆಳಗಿನ ಸಾಲನ್ನೂ ಕಳಿಸಿದರೆ, ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಹಾಗೆ ತಿದ್ದಿಸಿಕೊಂಡ ಅಡಿಬರಹ ಬಹುಶಃ ಸ್ಪರ್ಧೆಯಲ್ಲಿ ಬಹುಮಾನ ಗೆಲ್ಲಲಾರದು. ಮನೆಯ ಗೋಡೆಯ ಮೇಲೆ ಆ ಚಿತ್ರವನ್ನು ತೂಗುಹಾಕಲು ಮಾತ್ರ ಅವರ ಮಕ್ಕಳು ಸಂಕೋಚಪಡುವುದಿಲ್ಲ.